ಹೊರರುಕೆರೆ-ಸಾನ್: ಟೋಕಿಯೊದ ಮೊದಲ ಮೂವತ್ತು ದಿನಗಳು

ಮಾರ್ಚ್ 27, 2024, ಬುಧವಾರ

ನಡುರಾತ್ರಿ ಕಳೆದ ಮೇಲೆ ಬೆಂಗಳೂರಿನಿಂದ ಹೊರಟ ನೇರ ವಿಮಾನ ನರೀತಾದಲ್ಲಿ ಇಳಿದಾಗ ಅಲ್ಲಿ ಮಧ್ಯಾಹ್ನವಾಗಿತ್ತು. ಕೈಗಡಿಯಾರವನ್ನು ಮೂರೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡು ವಲಸೆ ವಿಭಾಗದ ಸಾಲಿನಲ್ಲಿ ನಿಂತೆ. ಜಪಾನಿನಲ್ಲಿ ದೀರ್ಘಕಾಲ ನೆಲೆಸಲು ಬರುವವರಿಗೆ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ನಿವಾಸ ಕಾರ್ಡನ್ನು ಅಲ್ಲಿಯೇ ಮುದ್ರಿಸಿ ಕೈಗೆ ಕೊಡುತ್ತಾರೆ. ಅಧಿಕಾರಿ ಕಾರ್ಡನ್ನು ಮುಂದಿಡುವ ಮೊದಲು ಅದರ ಮೇಲಿದ್ದ ಹೆಸರನ್ನು ಓದಲು ಪ್ರಯತ್ನಿಸಿದರು. "ಹೊ... ರ... ರು..." ಎಂದು ನಿಲ್ಲಿಸಿ, ಕ್ಷಮೆ ಕೇಳುವಂತೆ ತಲೆ ಬಾಗಿಸಿದರು. ಅವರು ಓದಲು ಹೊರಟದ್ದು ನನ್ನ ಹೆಸರನ್ನಲ್ಲ, ನಮ್ಮ ಊರಿನ ಹೆಸರನ್ನು.

ಇದಕ್ಕೆ ಸ್ವಲ್ಪ ವಿವರಣೆ ಬೇಕು. ನಮ್ಮ ಕಡೆ ಎಷ್ಟೋ ಜನರಿಗೆ ಕುಲನಾಮವೆಂಬುದು ಇರುವುದೇ ಇಲ್ಲ. ಹೆಸರಿನ ಹಿಂದೆ ಊರಿನದೋ ತಂದೆಯದೋ ಮೊದಲಕ್ಷರವಿದ್ದರೆ ಆಯಿತು. ಶಾಲೆಯ ರಿಜಿಸ್ಟರಿನಲ್ಲಿ 'ಎಚ್' ಎಂದಷ್ಟೇ ಇದ್ದದ್ದನ್ನು ಪಾಸ್‌ಪೋರ್ಟ್ ಅರ್ಜಿ ತುಂಬುವ ದಿನ ಬಿಡಿಸಿ ಬರೆಯಬೇಕಾಯಿತು, ಕುಲನಾಮದ ಕಲಂ ಖಾಲಿ ಬಿಟ್ಟರೆ ಮುಂದೆ ತೊಂದರೆಯೆಂದು ಯಾರೋ ಹೆದರಿಸಿದ್ದರಿಂದ ಅಲ್ಲಿ 'ಹೊಳಲ್ಕೆರೆ' ಎಂದು ತುಂಬಿದೆ. ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಬಯಲಿನಲ್ಲಿ ಕುಳಿತ ಗಣಪತಿಗೆ ಹೆಸರಾದ ಊರು, ಹೀಗೆ ಟೋಕಿಯೊದಲ್ಲಿ ನನ್ನ ಮನೆತನವಾಯಿತು.

ಊರೊಳಗೆ ಹೋಗುವ ರೈಲಿಗೆ ಸುಯಿಕಾ ಎಂಬ, ಮೊದಲೇ ಹಣ ತುಂಬಿಸಿಡುವ ಪ್ರಯಾಣದ ಕಾರ್ಡು ಕೊಳ್ಳೋಣವೆಂದರೆ, ಚಿಪ್ಪುಗಳ ಕೊರತೆಯಿಂದ ಹಿಂದಿನ ಬೇಸಿಗೆಯಿಂದಲೇ ಸಾಮಾನ್ಯ ಕಾರ್ಡುಗಳ ಮಾರಾಟ ನಿಂತಿತ್ತು. ಫೋನಿನೊಳಗೇ ಅದನ್ನು ಹಾಕಿಕೊಂಡು, ಎರಡು ಕಡೆ ರೈಲು ಬದಲಿಸಿ, ಕತ್ತಲಾಗುವ ಹೊತ್ತಿಗೆ ಟೋಕಿಯೊದ ಪೂರ್ವ ಭಾಗದ ನಿಶಿ-ಕಸಾಯಿ ಬಡಾವಣೆ ತಲುಪಿದೆ. ಕಂಪನಿ ಬಾಡಿಗೆಗೆ ಹಿಡಿದಿದ್ದ ಕೋಣೆಯ ಬೀಗದ ಕೈ ಕೊಟ್ಟ ಏಜೆಂಟರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದದ್ದನ್ನು ಕಂಡು ಸಮಾಧಾನವಾಯಿತು. ಅದೊಂದನ್ನಾದರೂ ಹೊಸದಾಗಿ ಕಲಿಯಬೇಕಾಗಿಲ್ಲ. ಅವರು ಹೋದ ಮೇಲೆ ಸ್ವಿಚ್ ಒತ್ತಿದರೆ ದೀಪ ಹತ್ತಲಿಲ್ಲ. ಇಲ್ಲಿ ಬಾಡಿಗೆ ಮನೆಯ ಚಾವಣಿಯಲ್ಲಿ ದೀಪ ಸಿಕ್ಕಿಸುವ ಕೊಕ್ಕೆಯಷ್ಟೇ ಇರುತ್ತದೆ, ದೀಪವನ್ನು ಬಾಡಿಗೆದಾರನೇ ತರಬೇಕು ಎಂಬ ಸಂಗತಿಯನ್ನು ನನಗೆ ಯಾರೂ ಹೇಳಿರಲಿಲ್ಲ. ಬಚ್ಚಲಿನ ದೀಪ ಉರಿಸಿ ಅದರ ಬಾಗಿಲು ತೆರೆದಿಟ್ಟು, ಆ ಬೆಳಕಿನಲ್ಲಿ ಅವಲಕ್ಕಿ ತಿಂದು ಮಲಗಿದೆ. ಆ ದಿನವೇ ಡಾಲರಿಗೆ ಸುಮಾರು 152 ಯೆನ್ ಆಗಿ, 1990ರ ನಂತರ ಯೆನ್ ಅಷ್ಟು ಕುಸಿದದ್ದು ಇದೇ ಮೊದಲು ಎಂಬ ಸುದ್ದಿಯನ್ನು ಫೋನಿನಲ್ಲಿ ಓದಿದೆ. ಸಂಬಳವನ್ನು ಮಾತಾಡಿಕೊಂಡದ್ದು ಯೆನ್ನಿನಲ್ಲಿ. ಒಂದು ಯೆನ್ನಿಗೆ ಸುಮಾರು ಐವತ್ತೈದು ಪೈಸೆಯೆಂದು ಲೆಕ್ಕ ಹಾಕುತ್ತಲೇ ನಿದ್ದೆ ಬಂತು.

ಮಾರ್ಚ್ 28, ಗುರುವಾರ

ಬೆಳಿಗ್ಗೆ ಅಂಗಡಿಯಲ್ಲಿ ನಿಂತಾಗ ನಾನು ಅನಕ್ಷರಸ್ಥನಾಗಿದ್ದೇನೆ ಎಂಬುದು ಸ್ಪಷ್ಟವಾಯಿತು. ಹದಿನಾರು ವರ್ಷ ಓದಿ, ಹತ್ತು ವರ್ಷ ದುಡಿದು, ನಾಲ್ಕು ಭಾಷೆಗಳಲ್ಲಿ ಪತ್ರಿಕೆ ಓದಬಲ್ಲವನು ಉಪ್ಪು ಯಾವುದು, ಸಕ್ಕರೆ ಯಾವುದು ಎಂದು ತಿಳಿಯದೆ ಎರಡು ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಿದ್ದೆ. ಫೋನಿನ ಕ್ಯಾಮೆರಾ ಭಾಷಾಂತರ ಮಾಡುತ್ತದೆ ನಿಜ, ಆದರೆ ಅದು ಒಂದು ಪೊಟ್ಟಣದ ಮೇಲೆ 'ಬೆಟ್ಟದ ಆಶೀರ್ವಾದ' ಎಂದು ತೋರಿಸಿ ಸುಮ್ಮನಾಯಿತು. ನಮ್ಮ ಅಜ್ಜಿ ಬಸ್ಸಿನ ಬೋರ್ಡು ಓದಲಾಗದೆ ಅದರ ಬಣ್ಣ ಮತ್ತು ಚಾಲಕನ ಮುಖ ನೋಡಿ ಹತ್ತುತ್ತಿದ್ದರು. ಈಗ ನಾನೂ ಅದೇ ವಿದ್ಯೆಗೆ ಇಳಿದೆ: ನೀಲಿ ಮುಚ್ಚಳದ್ದು ಹಾಲು, ಎರಡನೆಯ ಗುಂಡಿ ಒತ್ತಿದರೆ ಬಟ್ಟೆ ಒಗೆಯುತ್ತದೆ.

ಕಸದ ವಿಷಯದಲ್ಲಿ ಈ ವಿದ್ಯೆ ಸಾಲಲಿಲ್ಲ. ಸುಡುವ ಕಸ ವಾರಕ್ಕೆ ಎರಡು ದಿನ, ಮರುಬಳಕೆಯ ವಸ್ತುಗಳು ವಾರಕ್ಕೊಂದು ದಿನ, ಸುಡದ ಕಸ ತಿಂಗಳಿಗೆ ಎರಡೇ ಬಾರಿ, ಎಲ್ಲವೂ ಬೆಳಿಗ್ಗೆ ಎಂಟರೊಳಗೆ. ಪಕ್ಕದ ಮನೆಯವರು ಚೀಲ ಇಟ್ಟದ್ದನ್ನು ನೋಡಿ ನಾನೂ ಇಟ್ಟು ಬಂದೆ. ಸಂಜೆ ಹಿಂತಿರುಗಿದಾಗ ಅವರ ಚೀಲ ಹೋಗಿತ್ತು, ನನ್ನದು ಮಾತ್ರ ಮೈಮೇಲೊಂದು ಚೀಟಿ ಅಂಟಿಸಿಕೊಂಡು ಅಲ್ಲಿಯೇ ಕುಳಿತಿತ್ತು. ಚೀಟಿಯಲ್ಲಿ ಏನಿದೆಯೆಂದು ಓದಲಾಗದಿದ್ದರೂ ಅರ್ಥವಾಗುವುದಕ್ಕೇನೂ ಕಷ್ಟವಾಗಲಿಲ್ಲ. ಆ ಚೀಲವನ್ನು ಎತ್ತಿಕೊಂಡು ಮೂರು ಮಹಡಿ ಹತ್ತಿದೆ.

ಮಾರ್ಚ್ 29, ಶುಕ್ರವಾರ

ಮನೆ ಸೇರಿದ ಹದಿನಾಲ್ಕು ದಿನಗಳೊಳಗೆ ವಾರ್ಡ್ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ನಾನು ಮೂರನೆಯ ದಿನವೇ ಹೋದೆ. ವಿಳಾಸವಿಲ್ಲದೆ ಫೋನ್ ಸಂಖ್ಯೆಯಿಲ್ಲ, ಫೋನಿಲ್ಲದೆ ಬ್ಯಾಂಕ್ ಖಾತೆಯಿಲ್ಲ, ಖಾತೆಯಿಲ್ಲದೆ ಸಂಬಳವಿಲ್ಲ. ಜಪಾನಿನಲ್ಲಿ ಶಾಲೆಯಿರಲಿ ಕಂಪನಿಯಿರಲಿ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ, ಆದ್ದರಿಂದ ಮಾರ್ಚ್ ಕೊನೆಯ ವಾರದಲ್ಲಿ ಅರ್ಧ ದೇಶವೇ ಮನೆ ಬದಲಿಸುತ್ತಿರುವಂತೆ ಕಾಣುತ್ತದೆ. ನಾಕಾ-ಕಸಾಯಿಯ ಶಾಖಾ ಕಚೇರಿಯಲ್ಲಿ ಚೀಟಿ ಹಿಡಿದು ಎರಡು ಗಂಟೆ ಕುಳಿತೆ.

ಕಾಯುವ ಜನರಲ್ಲಿ ನಮ್ಮವರೂ ಸಾಕಷ್ಟಿದ್ದರು. ನಿಶಿ-ಕಸಾಯಿ ಇರುವ ಎದೊಗಾವಾ ವಾರ್ಡಿನಷ್ಟು ಭಾರತೀಯರು ಜಪಾನಿನ ಬೇರಾವ ಪಟ್ಟಣದಲ್ಲಿಯೂ ಇಲ್ಲ. 2000ನೆಯ ಇಸವಿ ಕಾಲಿಡುವಾಗ ಕಂಪ್ಯೂಟರುಗಳು ದಿನಾಂಕ ತಪ್ಪುತ್ತವೆಂಬ ಭಯದಲ್ಲಿ ಇಲ್ಲಿನ ಬ್ಯಾಂಕುಗಳೂ ಕಂಪನಿಗಳೂ ಭಾರತದ ಎಂಜಿನಿಯರುಗಳನ್ನು ಕರೆಸಿಕೊಂಡವು. ಅವರು ಒತೆಮಾಚಿ, ನಿಹೊನ್‌ಬಾಶಿಯ ಕಚೇರಿಗಳಿಗೆ ತೋಜಾಯಿ ಮಾರ್ಗದ ರೈಲಿನಲ್ಲಿ ನೇರವಾಗಿ ಹೋಗಬಹುದಾದ, ಬಾಡಿಗೆಯೂ ತಾಳಬಹುದಾದ ಈ ಜಾಗವನ್ನು ಹಿಡಿದರು. ಅರೆಸರ್ಕಾರಿ ಸಂಸ್ಥೆಯ ವಸತಿ ಸಮುಚ್ಚಯಗಳು ಇಲ್ಲಿದ್ದದ್ದೂ ಒಂದು ಕಾರಣ. ಖಾಸಗಿ ಮಾಲೀಕರು ಜಾಮೀನುದಾರರನ್ನು ಕೇಳುತ್ತಾರೆ, ಜೊತೆಗೆ 'ರೆಯಿಕಿನ್' ಎಂದು ಮಾಲೀಕರಿಗೆ ಕೃತಜ್ಞತೆಯ ಹಣ ಕೊಡಬೇಕು, ಅದು ಹಿಂತಿರುಗಿ ಬರುವುದಿಲ್ಲ. ಆ ಸಮುಚ್ಚಯಗಳಲ್ಲಿ ಈ ಎರಡೂ ಇಲ್ಲ. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಕೊಟ್ಟು ಬಂದ ನನಗೆ, ಬಾಡಿಗೆಗೆ ಮನೆ ಕೊಟ್ಟದ್ದಕ್ಕೆ ಧನ್ಯವಾದವೆಂದು ಹಣ ಕೊಡುವ ಪದ್ಧತಿ ಮಾತ್ರ ಈಗಲೂ ಜೀರ್ಣವಾಗಿಲ್ಲ.

ನನ್ನ ಸರದಿ ಬಂದಾಗ ಕಿಟಕಿಯ ಮಹಿಳೆ ಕಾರ್ಡಿನ ಬೆನ್ನಿಗೆ ವಿಳಾಸ ಮುದ್ರಿಸಿ, ಕಸದ ಕ್ಯಾಲೆಂಡರನ್ನೂ ಒಂದು ಪುಸ್ತಿಕೆಯನ್ನೂ ಕೊಟ್ಟರು. ಪುಸ್ತಿಕೆ ಪ್ರವಾಹದ ನಕ್ಷೆಯದು. 2019ರಲ್ಲಿ ಎದೊಗಾವಾ ವಾರ್ಡು ಹೊರತಂದ ಈ ನಕ್ಷೆಯ ಮುಖಪುಟ ಜಪಾನಿನಲ್ಲೆಲ್ಲ ಮಾತಿಗೆ ಕಾರಣವಾಗಿತ್ತಂತೆ. ವಾರ್ಡಿನ ನೆಲದಲ್ಲಿ ಶೇಕಡಾ ಎಪ್ಪತ್ತರಷ್ಟು ಉಬ್ಬರದ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಅರಾಕಾವಾ ಮತ್ತು ಎದೊಗಾವಾ ನದಿಗಳು ಒಟ್ಟಿಗೆ ಉಕ್ಕಿದರೆ ವಾರಗಟ್ಟಲೆ ನೀರು ಇಳಿಯದಿರಬಹುದು. ಆದ್ದರಿಂದ ಮುಖಪುಟದಲ್ಲಿ ವಾರ್ಡಿನ ನಕ್ಷೆಯ ಮೇಲೆಯೇ ಬರೆದಿದ್ದಾರೆ: "ಕೊಕೊ ನಿ ಇತೆ ವಾ ದಾಮೆ ದೆಸು." ಇಲ್ಲಿ ಇರಬಾರದು.

ನಾನು ಇಲ್ಲಿದ್ದೇನೆ ಎಂದು ಬರೆದುಕೊಂಡ ಅದೇ ಕಿಟಕಿಯಿಂದ ಇಲ್ಲಿ ಇರಬೇಡ ಎಂಬ ಪುಸ್ತಿಕೆಯೂ ಬಂದಿತು. ಸರ್ಕಾರವೊಂದು ಇಷ್ಟು ನೇರವಾಗಿ ಮಾತಾಡಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದ್ದು ಆ ವಾಕ್ಯದ ಕ್ರಿಯಾಪದ. 'ಇತೆ' ಎಂಬುದರ ಮೂಲರೂಪ 'ಇರು'. ಜೀವವಿರುವುದು ಒಂದು ಕಡೆ ಇದೆ ಎನ್ನಲು ಜಪಾನಿಯರು ಬಳಸುವ ಧಾತು ನಮ್ಮ 'ಇರು' ಧಾತುವಿನಂತೆಯೇ ಕೇಳುತ್ತದೆ, ಅರ್ಥವೂ ಅದೇ. ಇದು ಆಕಸ್ಮಿಕವೆಂದೇ ನನ್ನ ಎಣಿಕೆ. ಸುಸುಮು ಓನೊ ಎಂಬ ವಿದ್ವಾಂಸರು ಜಪಾನಿ ಭಾಷೆಗೂ ತಮಿಳಿಗೂ ನಂಟಿದೆಯೆಂದು ದಶಕಗಳ ಕಾಲ ವಾದಿಸಿದರೂ ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಿಲ್ಲ. ಎರಡು ಪದ ಹೊಂದಿದ ಮಾತ್ರಕ್ಕೆ ಎರಡು ಭಾಷೆಗಳು ನೆಂಟರಾಗುವುದಿಲ್ಲ. ಆದರೂ ಮೂರು ದಿನ ಒಂದಕ್ಷರವೂ ತಿಳಿಯದೆ ಓಡಾಡಿದ ಮೇಲೆ ಪ್ರವಾಹದ ನಕ್ಷೆಯ ಮೇಲೆ ಒಂದು 'ಇರು' ಸಿಕ್ಕರೆ ಯಾರಿಗೆ ಬೇಡ?

ಅದೇ ದಿನ ಯಾಸುಕುನಿ ದೇಗುಲದ ಆವರಣದಲ್ಲಿರುವ ಮಾದರಿ ಮರದಲ್ಲಿ ಐದಕ್ಕಿಂತ ಹೆಚ್ಚು ಹೂವು ಎಣಿಸಿದ ಹವಾಮಾನ ಇಲಾಖೆಯವರು ಟೋಕಿಯೊದಲ್ಲಿ ಸಕುರಾ, ಅಂದರೆ ಚೆರ್ರಿ ಹೂವು, ಅರಳಿತೆಂದು ಘೋಷಿಸಿದರು.

ಮಾರ್ಚ್ 31, ಭಾನುವಾರ

ಶನಿವಾರವಿಡೀ ದೀಪ, ಪಾತ್ರೆ, ಪರದೆಗಳ ಖರೀದಿಯಲ್ಲಿ ಹೋಯಿತು. ಭಾನುವಾರ ಉಎನೊ ಉದ್ಯಾನಕ್ಕೆ ಹೋದೆ. ಉಷ್ಣಾಂಶ 28 ಡಿಗ್ರಿ ದಾಟಿ, ಟೋಕಿಯೊದ ಮಾರ್ಚ್ ತಿಂಗಳಲ್ಲಿ ದಾಖಲೆಯೆನ್ನಿಸಿತು. ಹೂವು ಆ ವರ್ಷ ತಡವಾಗಿದ್ದರಿಂದ ಮರಗಳಲ್ಲಿ ಮೊಗ್ಗೇ ಹೆಚ್ಚು; ಆದರೂ ಜನ ನೀಲಿ ಹಾಸುಗಳನ್ನು ಹಾಸಿ, ತಿಂಡಿ ಹರವಿಕೊಂಡು, ಖಾಲಿ ಕೊಂಬೆಗಳ ಕೆಳಗೆ ಸಂತೋಷದಿಂದ ಕುಳಿತಿದ್ದರು. ಭಾನುವಾರವನ್ನು ಹೂವಿಗಿಂತ ಮೊದಲೇ ಗೊತ್ತುಮಾಡಿಕೊಂಡವರು ಮತ್ತೇನು ಮಾಡಿಯಾರು.

ಉದ್ಯಾನದ ತಗ್ಗಿನಲ್ಲಿ ಶಿನೊಬಾಜು ಕೆರೆಯಿದೆ. ಅದರ ನಡುವಿನ ದ್ವೀಪದ ಎಂಟು ಮೂಲೆಯ ಗುಡಿಯಲ್ಲಿರುವವಳು ಬೆನ್‌ಜಾಯಿತೆನ್, ಅಂದರೆ ನಮ್ಮ ಸರಸ್ವತಿ. ಬೌದ್ಧ ಸೂತ್ರಗಳ ಜೊತೆ ಚೀನಾದ ಮೂಲಕ ಇಲ್ಲಿಗೆ ಬಂದವಳು. ಬರುವ ದಾರಿಯಲ್ಲಿ ವೀಣೆ ಬಿವಾ ಎಂಬ ತಂತಿವಾದ್ಯವಾಯಿತು, ನದಿಯ ದೇವತೆಯಾಗಿದ್ದವಳು ಕೆರೆ, ಕಡಲುಗಳ ನಡುವಿನ ನಡುಗಡ್ಡೆಗಳಲ್ಲಿ ನೆಲೆಗೊಂಡಳು, ವಿದ್ಯೆಯ ಜೊತೆ ಸಂಪತ್ತಿನ ಖಾತೆಯೂ ಅವಳ ಕೈಸೇರಿತು. ಮುಂದೆ ನಿಂತು ಚಪ್ಪಾಳೆ ತಟ್ಟಬೇಕೋ ಕೈಮುಗಿಯಬೇಕೋ ತಿಳಿಯದೆ ಪಕ್ಕದವರನ್ನು ನೋಡಿದೆ. ಇದು ಬೌದ್ಧ ದೇಗುಲವಾದ್ದರಿಂದ ಅವರು ಸುಮ್ಮನೆ ಕೈಮುಗಿದರು, ನಾನೂ ಮುಗಿದೆ. ಅಕ್ಷರಾಭ್ಯಾಸಕ್ಕೆ ಕುಳಿತ ಮಗುವಿಗೆ ಅಕ್ಕಿಯ ಮೇಲೆ ಬೆರಳು ಹಿಡಿದು ತಿದ್ದಿಸುವ ದೇವಿಯ ಎದುರು, ಮೂವತ್ತು ದಾಟಿದ ಮೇಲೆ ಎರಡನೆಯ ಸಲ ನಿಂತದ್ದು ಸ್ವಲ್ಪ ನಾಚಿಕೆಯ ಸಂಗತಿಯೇ ಆಗಿತ್ತು.

ಆ ರಾತ್ರಿ ಕತಾಕಾನಾ ಅಕ್ಷರಮಾಲೆಯನ್ನು ಕಲಿಯಲು ಕುಳಿತೆ. ಜಪಾನಿ ಬರಹದಲ್ಲಿ ಚೀನೀ ಮೂಲದ ಕಾಂಜಿಗಳ ಜೊತೆ ಹಿರಾಗಾನಾ, ಕತಾಕಾನಾ ಎಂಬ ಎರಡು ಧ್ವನ್ಯಕ್ಷರ ಮಾಲೆಗಳಿವೆ. ಪರದೇಶದ ಹೆಸರುಗಳನ್ನು ಬರೆಯುವುದು ಕತಾಕಾನಾದಲ್ಲಿ. ಪುಸ್ತಕ ತೆರೆದರೆ ಸ್ವರಗಳು ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬಾಯಲ್ಲಿ ಹೇಳಿಕೊಂಡಾಗ ಇದು ಎಲ್ಲೋ ಕೇಳಿದ ಸಾಲೆಂದು ಅನ್ನಿಸಿತು. ಸಂಸ್ಕೃತದ ಮಂತ್ರಗಳನ್ನು ಓದಲು ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳು ನಮ್ಮ ವರ್ಣಮಾಲೆಯ ಕ್ರಮದಲ್ಲಿ ತಮ್ಮ ಅಕ್ಷರಗಳನ್ನು ಜೋಡಿಸಿಕೊಂಡದ್ದರ ಫಲವಿದು. ಚ ವರ್ಗ ಇರಬೇಕಾದಲ್ಲಿ ಸ ಕುಳಿತಿದೆ, ಪ ವರ್ಗ ಇರಬೇಕಾದಲ್ಲಿ ಹ. ಹಿಂದೆ ಆ ಹ ಎಂಬುದರ ಉಚ್ಚಾರ ಪಕಾರವೇ ಆಗಿತ್ತಂತೆ. ಕಾಲಕ್ರಮದಲ್ಲಿ ತುಟಿ ಸಡಿಲಾಗಿ ಹ ಆಯಿತು. ಪಾಲು ಹಾಲಾದ, ಪೂವು ಹೂವಾದ ಭಾಷೆಯವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹೊಳಲ್ಕೆರೆಯ 'ಹೊಳಲು' ಕೂಡ ಹಳಗನ್ನಡದಲ್ಲಿ 'ಪೊೞಲ್', ಪಟ್ಟಣ ಎಂದರ್ಥ.

ಹೆಸರು ಬರೆಯಲು ಹೋದಾಗ ಸಂಭ್ರಮ ಇಳಿಯಿತು. ಜಪಾನಿಯಲ್ಲಿ ಲಕಾರವಿಲ್ಲ, ಳಕಾರದ ಮಾತಂತೂ ಬೇಡ. 'ನ್' ಒಂದನ್ನು ಬಿಟ್ಟರೆ ಅರ್ಧ ವ್ಯಂಜನವೂ ನಿಲ್ಲುವುದಿಲ್ಲ, ಸಾಮಾನ್ಯವಾಗಿ ಕೊನೆಗೊಂದು ಉಕಾರ ಸೇರಿಕೊಳ್ಳುತ್ತದೆ. ಬಸ್ಸನ್ನು ನಾವು 'ಬಸ್ಸು' ಎನ್ನುವಂತೆ ಅವರು 'ಬಸು' ಎನ್ನುತ್ತಾರೆ. ಹೀಗಾಗಿ ಳ, ಲ್, ರೆ ಎಂಬ ಮೂರೂ ಒಂದೇ ಸಾಲಿಗೆ ಬಿದ್ದು, ಹೊಳಲ್ಕೆರೆ 'ಹೊರರುಕೆರೆ'ಯಾಯಿತು. ಪರದೇಶದವರನ್ನು ಇಲ್ಲಿ 'ಗೈಜಿನ್' ಎನ್ನುತ್ತಾರೆ, ಹೊರಗಿನ ಮನುಷ್ಯ ಎಂದರ್ಥ. ನನ್ನದಾದರೋ ಹೆಸರೇ 'ಹೊರ' ಎಂದು ಶುರುವಾಗುತ್ತಿತ್ತು. ಐದೇ ಅಕ್ಷರ. ಒಂದು ಪುಟ ತುಂಬ ತಿದ್ದಿ ಮಲಗಿದೆ.

ಏಪ್ರಿಲ್ 1, ಸೋಮವಾರ

ತೋಜಾಯಿ ಮಾರ್ಗದ ಬೆಳಗಿನ ರೈಲಿನ ಬಗ್ಗೆ ಮೊದಲೇ ಎಚ್ಚರಿಸಿದ್ದರು. ಮಹಾಮಾರಿಗೆ ಮುಂಚಿನ ವರ್ಷಗಳಲ್ಲಿ ಕಿಬಾ ಮತ್ತು ಮೊನ್‌ಜೆನ್-ನಾಕಾಚೊ ನಿಲ್ದಾಣಗಳ ನಡುವೆ ದಟ್ಟಣೆ ಸಾಮರ್ಥ್ಯದ ಶೇಕಡಾ 199ರಷ್ಟಿದ್ದು, ದೇಶದಲ್ಲಿಯೇ ಅತಿ ಕಿಕ್ಕಿರಿದ ಮಾರ್ಗವೆನ್ನಿಸಿತ್ತು, ಈಗ ಅಷ್ಟಿಲ್ಲವೆನ್ನುತ್ತಾರೆ. ನೂಕುನುಗ್ಗಲು ನನಗೆ ಹೊಸದಲ್ಲ, ಮೆಜೆಸ್ಟಿಕ್ಕಿನ ಬಸ್ಸುಗಳಲ್ಲಿ ಬೆಳೆದವನು. ಹೊಸದಾದದ್ದು ಆ ಮೌನ. ಎದೆಗೆ ಎದೆ ತಾಗಿ ನಿಂತ ನೂರಾರು ಜನರಲ್ಲಿ ಒಬ್ಬರೂ ಮಾತಾಡುವುದಿಲ್ಲ, ಯಾರ ಫೋನೂ ಸದ್ದು ಮಾಡುವುದಿಲ್ಲ. ರೈಲು ಅರಾಕಾವಾ ಸೇತುವೆಯನ್ನು ದಾಟಿ ನೆಲದೊಳಗೆ ಇಳಿಯುವಾಗ ನನ್ನ ಕಣ್ಣು ನಿಲ್ದಾಣದ ಹೆಸರುಗಳ ಪಟ್ಟಿಯ ಮೇಲಿತ್ತು. ಕಿಬಾ ಎಂದರೆ ಮರದ ದಿಮ್ಮಿಗಳ ಜಾಗ; ಎದೊ ಕಾಲದ ಮರದ ವ್ಯಾಪಾರಿಗಳು ಅಲ್ಲಿದ್ದರು. ಕಾಯಾಬಾಚೊ ಎಂದರೆ ಮಾಡಿಗೆ ಹೊದಿಸುವ ಹುಲ್ಲಿನ ಪೇಟೆ. ತರಗುಪೇಟೆ, ಅಕ್ಕಿಪೇಟೆ ದಾಟಿ ಕೆಲಸಕ್ಕೆ ಹೋಗುತ್ತಿದ್ದವನಿಗೆ ಇದು ಅಷ್ಟೇನೂ ದೂರದ ಊರೆನಿಸಲಿಲ್ಲ.

ಒತೆಮಾಚಿಯ ಬೀದಿಗಳಲ್ಲಿ ಆ ದಿನ ಎಲ್ಲ ಕಡೆ ಕಪ್ಪು ಸೂಟಿನ ಹುಡುಗ ಹುಡುಗಿಯರು. ಓದು ಮುಗಿಸಿದವರನ್ನೆಲ್ಲ ದೇಶದಾದ್ಯಂತ ಒಂದೇ ದಿನ ಕೆಲಸಕ್ಕೆ ಸೇರಿಸಿಕೊಳ್ಳುವ ಪದ್ಧತಿ ಇಲ್ಲಿಯದು. ನಾನು ನಡುವೆ ಸೇರಿದವನಾದರೂ ಪರಿಚಯದ ಸಾಲಿನಲ್ಲಿ ನಿಲ್ಲಿಸಿದರು. ಕಲಿತು ಬಂದಿದ್ದ ಎರಡು ವಾಕ್ಯಗಳನ್ನು ಒಪ್ಪಿಸಿ ಕುಳಿತ ಮೇಲೆ, ಯಾರೂ ನನ್ನನ್ನು ನನ್ನ ಹೆಸರಿನಿಂದ ಕರೆಯುವುದಿಲ್ಲ ಎಂಬುದು ಅರಿವಿಗೆ ಬಂದಿತು. ಇಲ್ಲಿ ಕಚೇರಿಯಲ್ಲಿ ಕರೆಯುವುದು ಮನೆತನದ ಹೆಸರಿನಿಂದ, ಅದಕ್ಕೆ ಗೌರವದ 'ಸಾನ್' ಸೇರಿಸಿ. "ಹೊರರುಕೆರೆ-ಸಾನ್, ಈ ಕಡೆ ಬನ್ನಿ." "ಹೊರರುಕೆರೆ-ಸಾನ್, ಕಾಫಿ ಕುಡಿಯುತ್ತೀರಾ?" ಊರಿಗೆ ಊರೇ ಎದ್ದು ಬಂದು ಕಾಫಿ ಕುಡಿಯಬೇಕೇನೋ ಎಂಬಂತೆ ಮೊದಮೊದಲು ಹಿಂತಿರುಗಿ ನೋಡುತ್ತಿದ್ದೆ.

ಮಧ್ಯಾಹ್ನ ಊಟಕ್ಕೆ ಕರೆದೊಯ್ದ ಹಿರಿಯ ಸಹೋದ್ಯೋಗಿ ಹೆಸರಿನ ಅರ್ಥ ಕೇಳಿದರು. ಅದು ಊರಿನ ಹೆಸರೆಂದೂ, ಹೊಳಲು ಎಂದರೆ ಪಟ್ಟಣ, ಕೆರೆ ಎಂದರೆ ನೀರಾವರಿಗೆಂದು ಕಟ್ಟಿಸಿದ ಜಲಾಶಯವೆಂದೂ ಹೇಳಿದೆ. ಅವರಿಗೆ ಬಹಳ ಖುಷಿಯಾಯಿತು. ಜಪಾನಿನ ಮನೆತನದ ಹೆಸರುಗಳೂ ಹೀಗೆಯೇ ಎಂದು ಕಾಗದದ ಕರವಸ್ತ್ರದ ಮೇಲೆ ಬರೆದು ತೋರಿಸಿದರು: ತನಾಕಾ ಎಂದರೆ ಗದ್ದೆಯ ನಡುವೆ ಇರುವವರು, ಯಾಮಾಮೊತೊ ಬೆಟ್ಟದ ಬುಡದವರು, ಇಶಿಕಾವಾ ಕಲ್ಲುಹೊಳೆಯವರು. ಸಾಮಾನ್ಯ ಜನರೆಲ್ಲರೂ ಇಂಥ ಹೆಸರಿಟ್ಟುಕೊಳ್ಳಲೇಬೇಕೆಂಬ ಕಾನೂನು ಬಂದದ್ದು 1875ರಲ್ಲಿ, ಮೇಯಿಜಿ ಸರ್ಕಾರದ ಕಾಲದಲ್ಲಿ. ಅಂದರೆ ಇವರೂ ಒಂದು ದಿನ ಸರ್ಕಾರಿ ಕಲಂ ತುಂಬಲು ಸುತ್ತಲಿನ ಗದ್ದೆ, ಹೊಳೆಗಳನ್ನು ನೋಡಿರಬೇಕು. ಕೊನೆಗೆ ಅವರು ಚೌಕವೊಂದನ್ನು ನಾಲ್ಕು ಭಾಗ ಮಾಡಿದ ಗದ್ದೆಯ ಅಕ್ಷರದ ಹಿಂದೆ ಕೆರೆಯ ಅಕ್ಷರ ಬರೆದರು. 'ಇಕೆದಾ': ಇಕೆ ಎಂದರೆ ಕೆರೆ, ದಾ ಎಂದರೆ ಗದ್ದೆ, ಕೆರೆಗದ್ದೆಯವರು. ಇದು ಇಲ್ಲಿ ತೀರ ಸಾಮಾನ್ಯವಾದ ಹೆಸರು. "ನೀವು ಇಕೆದಾಗಳ ದಾಯಾದಿ" ಎಂದು ಅವರು ತೀರ್ಪು ಕೊಟ್ಟರು.

ಊಟದ ವಿಷಯ ಬರೆಯುವಷ್ಟಿಲ್ಲ. ಸಸ್ಯಾಹಾರಿಗೆ ಇಲ್ಲಿ ಸಾರಿನ ತಳದಲ್ಲಿಯೇ ಮೀನಿದೆ. 'ದಾಶಿ' ಎಂಬ ಆ ತಿಳಿಯಿಲ್ಲದೆ ಇವರ ಅಡುಗೆ ಶುರುವಾಗುವುದಿಲ್ಲ. ಉಪ್ಪಿನಲ್ಲಿ ನೆನೆಸಿದ ಹುಳಿಹಣ್ಣು 'ಉಮೆ' ತುಂಬಿದ ಅನ್ನದ ಉಂಡೆಯೊಂದು ನನ್ನ ಮಧ್ಯಾಹ್ನಗಳನ್ನು ಕಾಪಾಡುತ್ತಿದೆ.

ಏಪ್ರಿಲ್ 4, ಗುರುವಾರ

ಹಿಂದಿನ ದಿನ ಬೆಳಿಗ್ಗೆ ತೈವಾನಿನಲ್ಲಿ ದೊಡ್ಡ ಭೂಕಂಪವಾಗಿ ಒಕಿನಾವಾಕ್ಕೆ ಸುನಾಮಿ ಎಚ್ಚರಿಕೆ ಬಂದಿತ್ತು. ಕಚೇರಿಯವರೆಲ್ಲ ಗೋಡೆಯ ಟಿವಿಯ ಮುಂದೆ ನಿಂತಿದ್ದರು. ಈ ದಿನ ಮಧ್ಯಾಹ್ನ ಹನ್ನೆರಡು ಕಳೆದು ಸ್ವಲ್ಪ ಹೊತ್ತಿಗೆ ನನಗೆ ತಲೆ ತಿರುಗಿದಂತಾಯಿತು. ಹಸಿವಿರಬೇಕೆಂದುಕೊಂಡು ಮೇಲೆ ನೋಡಿದರೆ ಕಿಟಕಿಯ ಪರದೆಯ ದಾರಗಳು ತೂಗುತ್ತಿದ್ದವು. ಕಟ್ಟಡ ದೋಣಿಯಂತೆ ನಿಧಾನವಾಗಿ ಒಲೆಯುತ್ತಿತ್ತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಸುತ್ತಲಿದ್ದವರು ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ಮುಖವೆತ್ತಿ, ಏನನ್ನೋ ಎಣಿಸುವವರಂತೆ ಕೆಲವು ಕ್ಷಣ ಕುಳಿತಿದ್ದು ಮತ್ತೆ ಬೆರಳು ಓಡಿಸತೊಡಗಿದರು. ಒಬ್ಬರು ಫೋನ್ ನೋಡಿ "ಫುಕುಶಿಮಾ ಕರಾವಳಿ" ಎಂದರು, ಅಷ್ಟೇ.

ಜಪಾನಿಯರು ಭೂಕಂಪದ ಬಗ್ಗೆ ಮಾತಾಡುವಾಗ ಮೊದಲು ಕೇಳುವುದು ಅದರ ಒಟ್ಟು ಪ್ರಮಾಣವನ್ನಲ್ಲ, ತಾವು ನಿಂತ ಜಾಗದಲ್ಲಿ ಎಷ್ಟು ನಡುಗಿತು ಎಂಬುದನ್ನು. ಅದಕ್ಕೆಂದೇ 'ಶಿಂದೊ' ಎಂಬ, ಸೊನ್ನೆಯಿಂದ ಏಳರವರೆಗಿನ ಬೇರೆ ಅಳತೆಯಿದೆ. ಈ ವರ್ಷದ ಮೊದಲ ದಿನವೇ ನೊತೊ ಪರ್ಯಾಯ ದ್ವೀಪ ಏಳನ್ನು ಕಂಡಿತ್ತು. ನಾನು ಬಂದದ್ದು 250 ಕೋಟಿ ವರ್ಷಗಳಿಗಿಂತ ಹಳೆಯ ಬಂಡೆಗಳ ಜಿಲ್ಲೆಯಿಂದ. ನೆಲ ಅಲುಗಾಡಬಹುದೆಂಬ ಯೋಚನೆಯೇ ನಮಗೆ ಬರುವುದಿಲ್ಲ, ಕೋಟೆಯ ಕಲ್ಲಿನ ಮೇಲೆ ಕಲ್ಲು ಎಷ್ಟೋ ಕಾಲದಿಂದ ವಾಲಿಕೊಂಡೇ ನಿಂತಿದೆ. ಈಗ ನಾನಿರುವ ಕಸಾಯಿಯ ದಕ್ಷಿಣದ ಕೆಲವು ಬಡಾವಣೆಗಳಂತೂ 1970ರ ದಶಕದಿಂದೀಚೆಗೆ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಪ್ರತಿ ಸಂಜೆ ಐದಕ್ಕೆ ಬೀದಿಯ ಧ್ವನಿವರ್ಧಕಗಳಿಂದ ಮಕ್ಕಳ ಹಾಡೊಂದರ ರಾಗ ಕೇಳಿಬರುತ್ತದೆ. ಮಕ್ಕಳು ಮನೆಗೆ ಹೋಗಲಿ ಎಂಬ ಕರೆಯೆಂದು ನಾನು ಮೆಚ್ಚಿಕೊಂಡಿದ್ದೆ. ಅದು ವಿಪತ್ತಿನ ಹೊತ್ತಿಗೆ ಆ ಧ್ವನಿವರ್ಧಕಗಳು ಕೆಲಸ ಮಾಡುತ್ತವೆಯೇ ಎಂಬ ದಿನನಿತ್ಯದ ಪರೀಕ್ಷೆಯೂ ಹೌದೆಂದು ಈ ದಿನ ತಿಳಿಯಿತು.

ಸಂಜೆ ಅಮ್ಮನಿಗೆ ಫೋನ್ ಮಾಡಿದಾಗ ಭೂಕಂಪದ ಸುದ್ದಿ ಎತ್ತಲಿಲ್ಲ. ಸಕುರಾ ಪೂರ್ತಿ ಅರಳಿದೆಯೆಂದು ಹೇಳಿದೆ. ಅದೂ ಆ ದಿನವೇ ಆದದ್ದು, ಸುಳ್ಳೇನಲ್ಲ.

ಏಪ್ರಿಲ್ 6, ಶನಿವಾರ

ಶುಕ್ರವಾರ ಅರ್ಧ ದಿನ ರಜೆ ಹಾಕಿ ಬ್ಯಾಂಕ್ ಖಾತೆ ತೆರೆದೆ. ಕಿಟಕಿಯ ಹುಡುಗ ನನ್ನ ಬಾಯಿಂದ ಹೆಸರನ್ನು ಮೂರು ಸಲ ಹೇಳಿಸಿ, ನಿಧಾನವಾಗಿ ಐದು ಕತಾಕಾನಾ ಅಕ್ಷರಗಳನ್ನು ಬರೆದು ನನಗೆ ತೋರಿಸಿದ. ನಾನು ಓದಿ, ಸರಿಯಿದೆ ಎಂದೆ. ಜಪಾನಿನಲ್ಲಿ ನಾನು ಓದಿ ಒಪ್ಪಿದ ಮೊದಲ ದಾಖಲೆ ಅದು.

ಶನಿವಾರ ನೂರು ಯೆನ್ನಿನ ಅಂಗಡಿಯಲ್ಲಿ ತಿರುಗುವ ಸ್ಟ್ಯಾಂಡಿನ ತುಂಬ ಸಿದ್ಧ ಮುದ್ರೆಗಳನ್ನು ಕಂಡೆ. ಸಹಿಯ ಬದಲು ಮುದ್ರೆ ಒತ್ತುವ ರೂಢಿ ಈಗ ಕಡಿಮೆಯಾಗುತ್ತಿದ್ದರೂ ಸಾಮಾನ್ಯ ಹೆಸರುಗಳ ಅಗ್ಗದ ಮುದ್ರೆಗಳು ಇನ್ನೂ ಮಾರಾಟಕ್ಕಿವೆ. ಅವುಗಳನ್ನು ಅ ಇ ಉ ಎ ಒ, ಕ ಸ ತ ನ ಕ್ರಮದಲ್ಲಿಯೇ ಜೋಡಿಸಿದ್ದರು. ವಾರದ ಹಿಂದೆ ಉಪ್ಪು ಸಕ್ಕರೆ ತಿಳಿಯದಿದ್ದವನು ಈಗ ನೇರವಾಗಿ ಹ ಸಾಲಿಗೆ ಹೋದೆ. ಹಾರಾ, ಹಾಶಿಮೊತೊ, ಹೊಂದಾ, ಹೊರಿ. ಹೊರಿ ಎಂದರೆ ಕಂದಕ. ಅದರಾಚೆ ಮ ಸಾಲು ಶುರುವಾಗಿಬಿಟ್ಟಿತು. ಹೊರರುಕೆರೆ ಇರುವುದಿಲ್ಲವೆಂದು ಗೊತ್ತಿದ್ದೂ ಹುಡುಕಿದ್ದೆ. ತೆರಿಗೆ ಸೇರಿ 110 ಯೆನ್ ಕೊಟ್ಟು ಒಂದು 'ಇಕೆದಾ' ಕೊಂಡುತಂದೆ. ಪಾರ್ಸೆಲ್ ತರುವವರು ಒಪ್ಪುತ್ತಾರೋ ಇಲ್ಲವೋ, ಮೇಜಿನ ಮೇಲಿರಲಿ ಎಂದು.

ಏಪ್ರಿಲ್ 9, ಮಂಗಳವಾರ

ಯುಗಾದಿ. ಬಂದು ಇಂದಿಗೆ ಹದಿನಾಲ್ಕನೆಯ ದಿನ. ಇಲ್ಲಿ ರಜೆಯಿಲ್ಲವಾದ್ದರಿಂದ ನಸುಕಿನಲ್ಲೇ ಎದ್ದು ಸ್ನಾನ ಮಾಡಿದೆ. ಎಣ್ಣೆ ಹಚ್ಚಿಕೊಂಡರೆ ಪ್ಲಾಸ್ಟಿಕ್ಕಿನ ಆ ಪುಟ್ಟ ಬಚ್ಚಲಿನಲ್ಲಿ ಜಾರಿ ಬೀಳುವ ಭಯವಿತ್ತು, ಆದ್ದರಿಂದ ನೆತ್ತಿಗೆ ಎರಡು ಹನಿ ಮಾತ್ರ. ನಿಶಿ-ಕಸಾಯಿಯ ಭಾರತೀಯ ಅಂಗಡಿಗಳಲ್ಲಿ ತೊಗರಿಬೇಳೆ, ಹುಣಸೆ, ಸಾಸಿವೆ, ಮಂಜುಗಟ್ಟಿಸಿದ ಕರಿಬೇವು ಕೂಡ ಸಿಗುತ್ತದೆ, ಆದರೆ ಬೇವು ಸಿಗಲಿಲ್ಲ. ಬೆಲ್ಲ ಇತ್ತು. ಅದನ್ನು ಕೊಳ್ಳದೆ ಪಕ್ಕದ ಜಪಾನಿ ಅಂಗಡಿಯಲ್ಲಿ ಕಂಡ ಒಕಿನಾವಾದ ಕಪ್ಪು ಸಕ್ಕರೆ ತಂದೆ. ಕಬ್ಬಿನ ಹಾಲು ಕಾಯಿಸಿ ಇಳಿಸಿದ ಮುದ್ದೆ, ಬಾಯಿಗೆ ಹಾಕಿದರೆ ನಮ್ಮ ಆಲೆಮನೆಯ ಬೆಲ್ಲದ ಖಾಸಾ ತಮ್ಮ.

ಬೇವಿಗೆ ಬದಲು ಏನೆಂದು ಹಿಂದಿನ ದಿನ ಆ ಹಿರಿಯ ಸಹೋದ್ಯೋಗಿಯನ್ನು ಕೇಳಿದ್ದೆ. ಹೊಸ ವರ್ಷಕ್ಕೆ ಕಹಿ ತಿನ್ನುತ್ತೇವೆ ಎಂದಾಗ ಅವರು ನಗಲಿಲ್ಲ, ಆಶ್ಚರ್ಯಪಡಲೂ ಇಲ್ಲ. ವಸಂತದ ತಟ್ಟೆಯಲ್ಲಿ ಕಹಿ ಇರಬೇಕೆಂದು ತಮ್ಮಲ್ಲೂ ಹೇಳುತ್ತಾರೆ, ಚಳಿಗಾಲದ ಜಡ ಕಹಿಯಿಂದ ಕಳೆಯುತ್ತದೆ ಎಂದು, ಕಾಡಿನ ಚಿಗುರುಗಳ ಹೆಸರನ್ನೆಲ್ಲ ಬರೆದುಕೊಟ್ಟರು. ಅವುಗಳಲ್ಲಿ ನನಗೆ ಅಂಗಡಿಯಲ್ಲಿ ಸಿಕ್ಕಿದ್ದು 'ನಾನೊಹಾನಾ', ಸಾಸಿವೆ ಜಾತಿಯ ಗಿಡದ ಹೂಮೊಗ್ಗಿನ ಕುಡಿ. ಬೇಯಿಸಿ ತಿನ್ನುವ ಅದನ್ನು ಹಸಿಯಾಗಿಯೇ ಚೂರು ಮಾಡಿ ಕಪ್ಪು ಸಕ್ಕರೆಯ ಜೊತೆ ಬಾಯಿಗೆ ಹಾಕಿಕೊಂಡೆ. ಬೇವಿನ ಮುಂದೆ ಅದೇನು ಕಹಿಯಲ್ಲ, ನಾಲಿಗೆಯ ತುದಿಗೆ ಬಂದು ಹೋಗುವಷ್ಟು. ಈ ವರ್ಷ ಕಷ್ಟ ಕಡಿಮೆಯಿರಬಹುದೆಂದು ಅರ್ಥ ಮಾಡಿಕೊಂಡು ರೈಲು ಹಿಡಿದೆ. ಮನೆಯ ಹತ್ತಿರದ ಗ್ಯೋಸೆನ್ ಉದ್ಯಾನದ ಸಕುರಾ ದಳಗಳು ಕಾಲುದಾರಿಯಂಚಿಗೆ ಬಿಳಿಯಾಗಿ ಒಟ್ಟುಗೂಡಿದ್ದವು.

ಏಪ್ರಿಲ್ 25, ಗುರುವಾರ

ನಡುವಿನ ಎರಡು ವಾರ ಕೆಲಸದಲ್ಲಿ ಕರಗಿಹೋದವು. ಇಂದು ಮೂವತ್ತನೆಯ ದಿನ, ಮೊದಲ ಸಂಬಳದ ದಿನ. ಮಧ್ಯಾಹ್ನದವರೆಗೆ ಖಾತೆಯಲ್ಲಿ ಏನೂ ಬಂದಿರಲಿಲ್ಲ. ಮೂರು ಗಂಟೆಗೆ ಲೆಕ್ಕ ವಿಭಾಗದಿಂದ ಕರೆ ಬಂದಿತು: ಹಣ ಕಳಿಸಿದ್ದೆವು, ಬ್ಯಾಂಕು ಹಿಂದಿರುಗಿಸಿದೆ.

ಇಲ್ಲಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಹಣ ಹೋಗುವಾಗ ಖಾತೆಯ ಸಂಖ್ಯೆಯ ಜೊತೆ ಹೆಸರಿನ ಕತಾಕಾನಾ ರೂಪವನ್ನೂ ತಾಳೆ ನೋಡುತ್ತಾರೆ. ಒಂದಕ್ಷರ ಹೊಂದದಿದ್ದರೂ ಹಣ ನಿಲ್ಲುತ್ತದೆ. ಲೆಕ್ಕ ವಿಭಾಗದ ಮಹಿಳೆ ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸಿದರು. ಬ್ಯಾಂಕಿನಲ್ಲಿ ನಾನು ಓದಿ ಒಪ್ಪಿದ್ದು ಐದು ಅಕ್ಷರ. ಕಂಪನಿಯ ದಾಖಲೆಯಲ್ಲಿ ಮೊದಲ ಅಕ್ಷರದ ಮುಂದೆ ಒಂದು ಅಡ್ಡಗೆರೆ. ಕತಾಕಾನಾದಲ್ಲಿ ಆ ಗೆರೆ ದೀರ್ಘದ ಗುರುತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡಾಗ ನಡುವೆ ನಿಂತಿದ್ದ, ಉತ್ತರ ಭಾರತದ ಮಧ್ಯವರ್ತಿಯೊಬ್ಬರು ಫೋನಿನಲ್ಲಿ ಹೆಸರು ಹೇಳಿದ್ದರಂತೆ. ಹಿಂದಿಯಲ್ಲಿ ನಮ್ಮ ಹ್ರಸ್ವ ಒಕಾರಕ್ಕೆ ಅಕ್ಷರವಿಲ್ಲ. ಅವರು ತಮ್ಮ ರೂಢಿಯಂತೆ 'ಹೋ' ಎಂದಿದ್ದಾರೆ, ಕೇಳಿದವರು ನಂಬಿಕೆಯಿಂದ ಗೆರೆ ಎಳೆದಿದ್ದಾರೆ. ಕಾಗುಣಿತದಲ್ಲಿ ಒಂದು ದೀರ್ಘ ಹೆಚ್ಚಾದದ್ದಕ್ಕೆ ಒಂದು ತಿಂಗಳ ಸಂಬಳ ದಾರಿಯಲ್ಲಿ ನಿಂತಿತ್ತು. ಪ್ರಾಥಮಿಕ ಶಾಲೆಯ ಮೇಷ್ಟರು ಹ್ರಸ್ವ ದೀರ್ಘ ತಪ್ಪಿದ್ದಕ್ಕೆ ಗೆಣ್ಣಿಗೆ ಹೊಡೆಯುತ್ತಿದ್ದುದು ನೆನಪಾಯಿತು; ಆಗ ಅದು ಇಷ್ಟು ದುಬಾರಿಯಾದೀತೆಂದು ತಿಳಿದಿರಲಿಲ್ಲ.

ಆಕೆ ಮತ್ತೆ ಮತ್ತೆ ಕ್ಷಮೆ ಕೇಳಿ, ನಾಳೆಯೇ ಕಳಿಸುತ್ತೇವೆ, ಶನಿವಾರದಿಂದ ದೀರ್ಘ ರಜೆ ಶುರುವಾಗುವ ಮೊದಲೇ ತಲುಪುತ್ತದೆ ಎಂದರು. ಆಮೇಲೆ ತಿದ್ದುಪಡಿಯ ನಮೂನೆ ಮುಂದಿಟ್ಟು, ಹೆಸರಿನ ಕಲಂ ತಾವೇ ತುಂಬಲೆಂದು ಪೆನ್ನು ಎತ್ತಿಕೊಂಡು ಕೇಳಿದರು:

"ಹೊರರುಕೆರೆ-ಸಾನ್, ಹಾಗಾದರೆ ಇದು ದೀರ್ಘವಲ್ಲ, ಅಲ್ಲವೆ?"

"ಅಲ್ಲ, ಹ್ರಸ್ವ" ಎಂದು ಪೆನ್ನನ್ನು ಅವರ ಕೈಯಿಂದ ತೆಗೆದುಕೊಂಡು ನಾನೇ ಬರೆದೆ.